ಮನೆಯಲ್ಲಿ ನೋಡಿದ ಸಿನಿಮಾ: ನನ್ನ ಅಭಿಪ್ರಾಯವನ್ನು ಹಿಂಪಡೆಯುತ್ತಿದ್ದೇನೆ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಓದುಗರು ಇತ್ತೀಚೆಗೆ ಮನೆಯಲ್ಲಿ ನೋಡಿದ ಸಿನಿಮಾಗಳ ಬಗ್ಗೆ ನಾಲ್ಕೈದು ಸಾಲು ಬರೆದು ಕಳಿಸುವ ಅಂಕಣವನ್ನು ನಾನು ಮೊದಲ ವಾರದಿಂದಲೂ ತಪ್ಪದೆ ಓದುತ್ತ ಬಂದಿದ್ದೇನೆ. ಕೆಲವು ವಾರಗಳ ಹಿಂದೆ ಅದರಲ್ಲಿ ನನ್ನದೂ ಒಂದು ಟಿಪ್ಪಣಿ ಪ್ರಕಟವಾಗಿತ್ತು. ಜಪಾನಿನ ಯಸುಜಿರೊ ಓಜು ನಿರ್ದೇಶನದ ‘ಟೋಕಿಯೊ ಸ್ಟೋರಿ’ಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ, ಹಿರಿಮಗಳ ಪಾತ್ರವಂತೂ ಬರೀ ಕಲ್ಲುಮನಸ್ಸಿನದು ಎಂದೂ, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಅತಿ ಮುಖ್ಯವಾದ ಘಟ್ಟದಲ್ಲಿ ಧ್ವನಿಯೇ ಕೈಕೊಟ್ಟಿದೆ ಎಂದೂ ಅದರಲ್ಲಿ ಬರೆದಿದ್ದೆ. ಆ ಮಾತುಗಳು ತಪ್ಪು. ಅವನ್ನು ಹಿಂಪಡೆಯುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಅಷ್ಟಕ್ಕೇ ಆಗಿದ್ದರೆ ಎರಡು ಸಾಲಿನ ತಿದ್ದುಪಡಿ ಸಾಕಾಗುತ್ತಿತ್ತು. ಆದರೆ ತಪ್ಪಿದ್ದು ಎಲ್ಲಿ ಎಂದು ಹುಡುಕುತ್ತ ಹೋದಂತೆ, ಸಿನಿಮಾದ ಮೇಲೆ ಎಂದು ನಾನು ಬರೆದದ್ದರಲ್ಲಿ ಬಹುಪಾಲು ನಮ್ಮ ಮನೆಯ ಟಿ.ವಿ., ಅದರ ಸ್ಪೀಕರು, ನನ್ನ ಕೈಯಲ್ಲಿದ್ದ ರಿಮೋಟು ಮತ್ತು ಆ ಹೊತ್ತಿನ ನನ್ನ ದಣಿವು ಇವುಗಳ ಮೇಲಿನ ಅಭಿಪ್ರಾಯ ಎಂಬುದು ಅರಿವಾಯಿತು. ಅಂಕಣದಲ್ಲಿ ಬರೆಯುವ ಇತರರಿಗೂ ಇದು ಸಂಬಂಧಿಸಿದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಮೊದಲು ‘ಪಥೇರ್ ಪಾಂಚಾಲಿ’ಯ ವಿಷಯ. ಮನೆಮಂದಿಯೆಲ್ಲ ಮಲಗಿದ ಮೇಲೆ ನಾನೊಬ್ಬಳೇ ಕೂತು ಅದನ್ನು ನೋಡಿದೆ. ಮಾತು ಬಂದಾಗ ಕೇಳಿಸದೆ ಧ್ವನಿ ಏರಿಸುವುದು, ಸಂಗೀತ ಬಂದ ಕೂಡಲೇ ಪಕ್ಕದ ಕೋಣೆಯಲ್ಲಿ ಮಲಗಿದ ಅತ್ತೆಯವರಿಗೆ ಎಚ್ಚರವಾದೀತೆಂದು ಇಳಿಸುವುದು, ಹೀಗೆ ಚಿತ್ರದುದ್ದಕ್ಕೂ ನನ್ನ ಹೆಬ್ಬೆರಳು ರಿಮೋಟಿನ ಮೇಲೆಯೇ ಇತ್ತು. ಬಹಳ ದಿನಗಳ ಮೇಲೆ ಊರಿಗೆ ಮರಳಿದ ತಂದೆ ಹರಿಹರ, ಮಗಳು ದುರ್ಗೆ ತೀರಿಕೊಂಡಿರುವುದು ಗೊತ್ತಿಲ್ಲದೆ, ತಂದ ವಸ್ತುಗಳನ್ನು ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಕೊನೆಗೆ ದುರ್ಗೆಗೆಂದು ತಂದ ಸೀರೆಯನ್ನು ಕೈಗೆ ಕೊಡುತ್ತಾನೆ. ಅಷ್ಟು ಹೊತ್ತು ಬಿಗಿಹಿಡಿದುಕೊಂಡಿದ್ದ ಸರ್ಬಜಯಾ ಅಲ್ಲಿ ಒಡೆದುಹೋಗುತ್ತಾಳೆ. ಆಕೆ ಬಾಯ್ತೆರೆದದ್ದು ನನಗೆ ಕಾಣಿಸಿತು, ಅಳು ಮಾತ್ರ ಕೇಳಿಸಲಿಲ್ಲ. ಹಳೆಯ ಪ್ರತಿ, ಧ್ವನಿ ಹಾಳಾಗಿರಬೇಕು ಎಂದುಕೊಂಡೆ. ಮರುದಿನ ಹಾಗೆಯೇ ಬರೆದು ತಮಗೆ ಕಳಿಸಿದೆ.

ಟಿಪ್ಪಣಿ ಪ್ರಕಟವಾದ ಮೇಲೆ, ಸಿನಿಮಾ ಬಲ್ಲ ಪರಿಚಿತರೊಬ್ಬರು ಫೋನ್ ಮಾಡಿ, ಆ ಒಂದು ದೃಶ್ಯವನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿ ಎಂದಷ್ಟೇ ಹೇಳಿದರು. ನೋಡಿದೆ. ಆ ಜಾಗದಲ್ಲಿ ನಿರ್ದೇಶಕರು ನಟಿಯ ಅಳುವನ್ನು ಬೇಕೆಂದೇ ತೆಗೆದು, ಅದರ ಬದಲಿಗೆ ತಾರ್ ಶಹನಾಯಿಯ ಎತ್ತರದ ಸ್ವರವನ್ನು ಇಟ್ಟಿದ್ದಾರೆ. ಅದು ಕಮಾನಿನಿಂದ ನುಡಿಸುವ ತಂತಿವಾದ್ಯ. ಕೇಳಲು ಮಾತ್ರ ಶಹನಾಯಿಯಂತೆ, ಇನ್ನೂ ಹತ್ತಿರದಿಂದ ಕೇಳಿದರೆ ಮನುಷ್ಯರ ಗಂಟಲಿನಂತೆ ಕೇಳುತ್ತದೆ. ಬಾಯಿ ಆ ತಾಯಿಯದು, ಸ್ವರ ವಾದ್ಯದ್ದು. ನಾನು ಧ್ವನಿ ಇಳಿಸಿ ಅಳಿಸಿಹಾಕಿದ್ದು ಅದನ್ನೇ. 1955ರ ಈ ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಬೆಂಕಿಗೆ ಸಿಕ್ಕಿತ್ತು. ಸುಟ್ಟು ಬಿರುಸಾದ ಸುರುಳಿಗಳನ್ನು ತಜ್ಞರು ಮೃದುಗೊಳಿಸಿ, ಕೈಯಿಂದಲೇ ರಿಪೇರಿ ಮಾಡಿ, ಉಳಿದದ್ದಕ್ಕೆ ಬೇರೆ ಪ್ರತಿಗಳ ನೆರವು ಪಡೆದು, 2015ರಲ್ಲಿ ಹೊಸ ಪ್ರತಿಯನ್ನು ಹೊರತಂದರು. ಬೆಂಕಿಯಿಂದ ಪಾರಾಗಿ ನಮ್ಮ ಮನೆಯವರೆಗೆ ಬಂದ ಚಿತ್ರದ ಹೃದಯಭಾಗವನ್ನು ನಾನು ಒಂದು ಬೆರಳಿನಿಂದ ಮುಚ್ಚಿಹಾಕಿ, ಆಮೇಲೆ ಧ್ವನಿ ಸರಿಯಿಲ್ಲ ಎಂದು ಪತ್ರಿಕೆಯಲ್ಲಿ ಬರೆದೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಮಾತು ಕೇಳಿಸುವುದಿಲ್ಲ, ಸಂಗೀತ ಕಿವಿಗೆ ಬಡಿಯುತ್ತದೆ ಎಂಬ ದೂರು ತಮ್ಮ ಅಂಕಣದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಸ ಚಿತ್ರಗಳ ಮಟ್ಟಿಗೆ ಇದಕ್ಕೆ ಕಾರಣ ಹೆಚ್ಚಾಗಿ ಹೀಗಿರುತ್ತದೆ: ಚಿತ್ರಮಂದಿರಕ್ಕೆಂದು ಸಿದ್ಧಪಡಿಸಿದ ಧ್ವನಿಯಲ್ಲಿ ಮಾತು ಮುಖ್ಯವಾಗಿ ಪರದೆಯ ನಡುವಿನ ಸ್ಪೀಕರಿನಿಂದ, ಉಳಿದ ಸದ್ದು ಮತ್ತು ಸಂಗೀತ ಅಕ್ಕಪಕ್ಕದವುಗಳಿಂದಲೂ ಹಿಂದಿನಿಂದಲೂ ಬರುತ್ತವೆ. ಮನೆಯ ತೆಳ್ಳನೆಯ ಟಿ.ವಿ.ಯಲ್ಲಿ ಅಷ್ಟನ್ನೂ ಎರಡೇ ಎರಡು ಪುಟ್ಟ ಸ್ಪೀಕರುಗಳಿಗೆ ತುರುಕಲಾಗುತ್ತದೆ, ಅವೂ ಬಹಳಷ್ಟು ಸೆಟ್ಟುಗಳಲ್ಲಿ ನಮ್ಮ ಕಡೆಗೆ ಮುಖ ಮಾಡಿರದೆ ಕೆಳಕ್ಕೋ ಹಿಂದಕ್ಕೋ ತಿರುಗಿರುತ್ತವೆ. ಧ್ವನಿಯ ಆಯ್ಕೆಯಲ್ಲಿ 5.1 (ಹಲವು ಸ್ಪೀಕರುಗಳಿಗೆಂದು ಮಾಡಿದ್ದು) ಎಂದಿರುವುದನ್ನು ಎರಡೇ ಸ್ಪೀಕರಿನ ಸ್ಟೀರಿಯೊಗೆ ಬದಲಿಸಿದರೆ ಅಥವಾ ಸಾಧಾರಣವಾದ ಹೆಡ್‌ಫೋನನ್ನೇ ಬಳಸಿದರೆ ಎಷ್ಟೋ ಸುಧಾರಿಸುತ್ತದೆ. ಇಷ್ಟು ಮಾಡಿದ ಮೇಲೂ ಮಾತು ಕೇಳಿಸದಿದ್ದರೆ ಆಗ ನಿರ್ದೇಶಕರನ್ನು ದೂರೋಣ. ಅಂಥ ಚಿತ್ರಗಳೂ ಉಂಟು.

ಇನ್ನು ‘ಟೋಕಿಯೊ ಸ್ಟೋರಿ’. ಇದರಲ್ಲಿ ನನ್ನ ತಪ್ಪು ಇನ್ನೂ ದೊಡ್ಡದು. 1953ರ ಈ ಚಿತ್ರದ ಅವಧಿ 136 ನಿಮಿಷ. ನಾನದನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು ಸುಮಾರು 90 ನಿಮಿಷದಲ್ಲಿ ಮುಗಿಸಿದ್ದೆ. ವೇಗ ಹೆಚ್ಚಿಸುವ ಸೌಲಭ್ಯವನ್ನು ನೆಟ್‌ಫ್ಲಿಕ್ಸ್ 2019ರಲ್ಲಿ ಪ್ರಯೋಗಕ್ಕೆ ತಂದಾಗ ಹಲವು ನಿರ್ದೇಶಕರು ಬಹಿರಂಗವಾಗಿಯೇ ವಿರೋಧಿಸಿದ್ದರು. ಆಗ ಅವರದು ಅತಿಯಾಯಿತು ಎನಿಸಿತ್ತು, ಪುಸ್ತಕವನ್ನು ಬೇಗ ಓದುವವರೂ ನಿಧಾನವಾಗಿ ಓದುವವರೂ ಇರುವುದಿಲ್ಲವೇ ಎಂದು ಕೇಳಿದವರಲ್ಲಿ ನಾನೂ ಒಬ್ಬಳು. ಪುಸ್ತಕದಲ್ಲಿ ವೇಗ ಓದುವವರದು, ಸಿನಿಮಾದಲ್ಲಿ ಹೊತ್ತು ಕಥೆಯ ಒಂದು ಭಾಗವೇ ಆಗಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಓಜು ಅವರ ಚಿತ್ರದಲ್ಲಿ ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಹೊಗೆಕೊಳವೆಗಳೋ, ಒಣಹಾಕಿದ ಬಟ್ಟೆಯೋ, ಖಾಲಿ ಓಣಿಯೋ ಕೆಲವು ಕ್ಷಣ ಸುಮ್ಮನೆ ಕಾಣಿಸುತ್ತವೆ. ಒಂದೂವರೆ ಪಟ್ಟು ವೇಗದಲ್ಲಿ ಅವು ಕಣ್ಣಿಗೆ ಅಡ್ಡ ಬಂದ ವಸ್ತುಗಳಂತೆ ಹಾದುಹೋಗುತ್ತವೆ. ಸರಿಯಾದ ವೇಗದಲ್ಲಿ, ಈಗಷ್ಟೇ ಆಡಿದ ಮಾತು ಮನಸ್ಸಿನಲ್ಲಿ ಇಳಿಯಲು ಬೇಕಾದಷ್ಟೇ ಹೊತ್ತು ನಿಲ್ಲುತ್ತವೆ.

ಎರಡನೆಯ ಸಲ ನೋಡುವಾಗ ಅತ್ತೆಯವರೂ ಜೊತೆಗಿದ್ದರು. ಅವರಿಗೆ ಪರದೆಯ ಕೆಳಗಿನ ಅಕ್ಷರ ಕಾಣಿಸುವುದಿಲ್ಲ, ಕಂಡರೂ ಆ ಭಾಷೆ ಬಾರದು. ಪಕ್ಕದಲ್ಲಿ ಕೂತು ಸಾಲು ಸಾಲನ್ನೂ ಕನ್ನಡದಲ್ಲಿ ಮೆಲ್ಲಗೆ ಹೇಳುತ್ತ ಹೋದೆ. ಊರಿನಿಂದ ಟೋಕಿಯೊಗೆ ಬಂದ ಮುದಿ ತಂದೆತಾಯಿಯನ್ನು ನೋಡಿಕೊಳ್ಳಲು ವೈದ್ಯನಾದ ಮಗನಿಗೂ ಬ್ಯೂಟಿ ಪಾರ್ಲರ್ ನಡೆಸುವ ಮಗಳಿಗೂ ಪುರುಸೊತ್ತಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಒಬ್ಬಳೇ ಕೆಲಸಕ್ಕೆ ರಜೆ ಹಾಕಿ ಅವರನ್ನು ಊರು ಸುತ್ತಿಸುತ್ತಾಳೆ. ಆ ಮಗಳು, ಶಿಗೆ ಎಂಬವಳು, ಗೊಣಗಿದಾಗಲೆಲ್ಲ ನಾನು ಸ್ವಲ್ಪ ಕಟುವಾಗಿಯೇ ಅನುವಾದಿಸುತ್ತಿದ್ದೆನೋ ಏನೋ, ಅತ್ತೆಯವರು ನಡುವೆ ತಡೆದು, “ಕೆಟ್ಟವಳಲ್ಲ ಕಣಮ್ಮ ಅವಳು, ಕೈತುಂಬ ಕೆಲಸ ಅವಳಿಗೆ” ಎಂದರು. ಆ ಮಾತು ಕೇಳಿದ ಮೇಲೆ ಶಿಗೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ತಾಯಿ ಉಳಿಯುವುದಿಲ್ಲ ಎಂದು ತಿಳಿದಾಗ ತಡೆಯಲಾರದೆ ಅಳುವವಳೂ ಅವಳೇ, ತಾಯಿ ಹೋದ ಮೇಲೆ ಊಟದ ಹೊತ್ತಿನಲ್ಲಿ ತಾಯಿಯ ಬಟ್ಟೆಗಳಲ್ಲಿ ಇಂಥಿಂಥವು ತನಗೆ ಬೇಕು ಎನ್ನುವವಳೂ ಅವಳೇ. ಎರಡೂ ನಿಜ. ಮೊದಲ ಸಲ ಆ ಅಳು ನನ್ನ ಕಣ್ಣಿಗೆ ಬಿದ್ದಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ, ಏಕೆಂದರೆ ಆ ವೇಗದಲ್ಲಿ ಅಳುವೂ ಒಂದು ನಟನೆಯ ಚುರುಕಿನಂತೆ ಕಂಡು ಮರೆಯಾಗಿತ್ತು.

ತಾಯಿ ತೀರಿಕೊಂಡ ಬೆಳಗಿನ ಜಾವ ತಂದೆ ಮನೆಯಲ್ಲಿ ಕಾಣಿಸುವುದಿಲ್ಲ. ನೊರಿಕೊ ಹುಡುಕಿಕೊಂಡು ಹೋದಾಗ ಅವರು ಹೊರಗೆ ಒಬ್ಬರೇ ನಿಂತಿರುತ್ತಾರೆ. ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಸೆಕೆ ಇರುತ್ತದೆ ಎಂಬರ್ಥದ ಮಾತನ್ನಷ್ಟೇ ಆಡಿ ಮನೆಯ ಕಡೆ ನಡೆಯುತ್ತಾರೆ. ಇದನ್ನು ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಅತ್ತೆಯವರು ಏನೂ ಹೇಳಲಿಲ್ಲ, ನನ್ನ ಕೈ ಹಿಡಿದುಕೊಂಡರು. ಈ ಚಿತ್ರದಲ್ಲಿ ಏನೂ ನಡೆಯುವುದಿಲ್ಲ ಎಂದು ಬರೆದವಳು ನಾನು. ಬ್ರಿಟನ್ನಿನ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 2012ರಲ್ಲಿ ಜಗತ್ತಿನ ನಿರ್ದೇಶಕರಿಂದ ಮತ ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಆ ಕಾರಣಕ್ಕಾಗಿ ನಾನು ಮನಸ್ಸು ಬದಲಿಸಿದ್ದಲ್ಲ ಎಂದು ಸ್ಪಷ್ಟಪಡಿಸುತ್ತೇನೆ. ಆ ಸಂಗತಿ ಮೊದಲ ಸಲವೂ ಗೊತ್ತಿತ್ತು, ಗೊತ್ತಿದ್ದೂ ಹಾಗೆ ಬರೆದಿದ್ದೆ.

ಅದೇ ಚಿತ್ರದಲ್ಲಿ ಇನ್ನೊಂದು ತೊಡಕೂ ಆಗಿತ್ತು. ಆ ಕಾಲದವರೆಗಿನ ಹೆಚ್ಚಿನ ಚಿತ್ರಗಳ ಚೌಕಟ್ಟಿನ ಅಗಲ, ಎತ್ತರಗಳ ಅನುಪಾತ ಹೆಚ್ಚುಕಡಿಮೆ 4:3, ಈಗಿನ ಟಿ.ವಿ.ಯದು 16:9. ಚಿತ್ರವನ್ನು ಇದ್ದಂತೆಯೇ ತೋರಿಸಿದರೆ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಪರದೆ ಖಾಲಿ ಬಿದ್ದಿದೆಯಲ್ಲ ಎಂದು ನಮ್ಮ ಮನೆಯಲ್ಲಿ ಯಾರೋ ಅದನ್ನು ಹಿಗ್ಗಿಸಿಟ್ಟಿದ್ದರು. ಮುಖಗಳೆಲ್ಲ ಅಗಲವಾಗಿ ಕಾಣುತ್ತಿದ್ದವು. ಓಜು ತಮ್ಮ ಕ್ಯಾಮೆರಾವನ್ನು ನೆಲದ ಮೇಲೆ ಕೂತವರ ಕಣ್ಣಿನ ಎತ್ತರಕ್ಕಿಂತಲೂ ಕೆಳಗೆ ಇಟ್ಟು, ಬಾಗಿಲು, ಕಂಬ, ಚಾಪೆಗಳ ಗೆರೆಗಳನ್ನು ಅಳೆದು ಹೊಂದಿಸುತ್ತಿದ್ದವರು. ಅಂಥವರ ಚಿತ್ರವನ್ನು ಎಳೆದು ಹಿಗ್ಗಿಸಿದರೆ ಉಳಿಯುವುದೇನು?

ಪರದೆಯ ಗಾತ್ರದ ವಿಷಯದಲ್ಲಿ ನನ್ನ ಅನುಭವ ‘ಲಾರೆನ್ಸ್ ಆಫ್ ಅರೇಬಿಯಾ’ದ್ದು. ಡೇವಿಡ್ ಲೀನ್ 1962ರಲ್ಲಿ ನಿರ್ದೇಶಿಸಿದ, ಮೂರೂವರೆ ಗಂಟೆಗೂ ಮೀರಿದ, ದೊಡ್ಡ ಅಳತೆಯ 65 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸಿದ ಸಿನಿಮಾ ಅದು. ಮೊದಲರ್ಧವನ್ನು ನಾನು ಹಾಸಿಗೆಯಲ್ಲಿ ಒರಗಿ ಮೊಬೈಲಿನಲ್ಲಿ ನೋಡಿದೆ. ಮರುಭೂಮಿಯ ಬಾವಿಯೊಂದರ ಬಳಿ ಕಥಾನಾಯಕನಾದ ಬ್ರಿಟಿಷ್ ಸೇನಾಧಿಕಾರಿ ಲಾರೆನ್ಸ್ ಮತ್ತು ಅವನ ದಾರಿತೋರುಗ ನಿಂತಿರುತ್ತಾರೆ. ಇಬ್ಬರೂ ದೂರಕ್ಕೆ ದಿಟ್ಟಿಸುತ್ತಾರೆ. ನನ್ನ ಅಂಗೈ ಅಗಲದ ಪರದೆಯಲ್ಲಿ ಬರೀ ಬಿಸಿಲು. ಇವರೇನು ನೋಡುತ್ತಿದ್ದಾರೆ, ದೃಶ್ಯ ಯಾಕೆ ಮುಂದಕ್ಕೆ ಹೋಗುತ್ತಿಲ್ಲ ಎಂದು ಬೇಸರವಾಗಿ ಹತ್ತು ಹತ್ತು ಸೆಕೆಂಡು ಮುಂದಕ್ಕೆ ಹಾರಿಸಿದೆ. ಮುಂದಿನ ವಾರ ದೊಡ್ಡ ಟಿ.ವಿ.ಯಲ್ಲಿ, ಕೋಣೆಯ ದೀಪ ಆರಿಸಿ, ಅದೇ ದೃಶ್ಯ ಹಾಕಿದೆವು. ದಿಗಂತದಲ್ಲಿ ಮೊದಲು ಬಿಸಿಲ ಕುದಿತ, ಅದರೊಳಗೆ ನೀರಿನಂತೆ ಅಲುಗುವ ಒಂದು ಕಪ್ಪು ಚುಕ್ಕೆ, ಅದು ಮೆಲ್ಲಗೆ ಉದ್ದವಾಗಿ ಒಂಟೆಯಾಗಿ, ಒಂಟೆಯ ಮೇಲೆ ಮನುಷ್ಯನಾಗಿ ಹತ್ತಿರ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಚುಕ್ಕೆ ಕಂಡವರಿಗಷ್ಟೇ ಆ ದೃಶ್ಯ ಇದೆ.

ಆದರೂ ಮೊದಲಿಗೆ ಏನೋ ಸರಿಯಿಲ್ಲ ಎನಿಸುತ್ತಿತ್ತು. ಮರಳು ದಿಬ್ಬಗಳ ಮೇಲೆ ಕ್ಯಾಮೆರಾ ಸರಿದಾಗಲೆಲ್ಲ ಚಿತ್ರ ಎಣ್ಣೆಯ ಮೇಲೆ ಜಾರಿದಂತೆ ಕಾಣುತ್ತಿತ್ತು, ಒಟ್ಟಿನಲ್ಲಿ ಧಾರಾವಾಹಿಯ ಹಾಗೆ. ಮಗ ಟಿ.ವಿ.ಯ ಸೆಟ್ಟಿಂಗಿಗೆ ಹೋಗಿ ಚಲನೆಯನ್ನು ನಯಗೊಳಿಸುವ ಆಯ್ಕೆಯೊಂದನ್ನು ಆಫ್ ಮಾಡಿದ. ತಕ್ಷಣ ಸಿನಿಮಾ ಸಿನಿಮಾದಂತಾಯಿತು. ಮಾತಿನ ಚಿತ್ರಗಳು ಬಂದ 1920ರ ದಶಕದ ಕೊನೆಯಿಂದ ಸಿನಿಮಾ ಸೆಕೆಂಡಿಗೆ 24 ಸ್ಥಿರಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಟಿ.ವಿ. ಪರದೆ ಸೆಕೆಂಡಿಗೆ 60 ಅಥವಾ 120 ಬಾರಿ ಹೊಸದಾಗುತ್ತದೆ. ನಡುವಿನ ಅಂತರವನ್ನು ತುಂಬಲು ಟಿ.ವಿ. ಎರಡು ಚಿತ್ರಗಳನ್ನು ಹೋಲಿಸಿ, ಯಾರೂ ಚಿತ್ರೀಕರಿಸದ ಮೂರನೆಯದನ್ನು ತಾನೇ ತಯಾರಿಸಿ ಸೇರಿಸುತ್ತದೆ. ಕ್ರೀಡೆಗೆ ಅದು ಒಳ್ಳೆಯದು. ಸಿನಿಮಾಕ್ಕೆ ಬೇಡ ಎಂದು 2018ರಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿ ವಿಡಿಯೊ ಮಾಡಿಯೇ ಕೇಳಿಕೊಂಡಿದ್ದರು. ಮರುವರ್ಷ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಹೆಸರಿನಲ್ಲಿ ಇಂಥ ಬದಲಾವಣೆಗಳನ್ನೆಲ್ಲ ಒಂದೇ ಗುಂಡಿಯಲ್ಲಿ ಆಫ್ ಮಾಡುವ ವ್ಯವಸ್ಥೆಯ ಘೋಷಣೆಯೂ ಆಯಿತು. ಅದಿಲ್ಲದ ಸೆಟ್ಟುಗಳಲ್ಲಿ ಚಿತ್ರದ ಸೆಟ್ಟಿಂಗಿನೊಳಗೆ ‘ಮೋಷನ್’ ಎಂಬ ಪದವಿರುವ ಆಯ್ಕೆಯನ್ನು ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಹೊಸ ಟಿ.ವಿ. ತಂದ ಮೇಲೆ ಹಳೆಯ ಮೆಚ್ಚಿನ ಚಿತ್ರಗಳೂ ಅಗ್ಗವಾಗಿ ಕಾಣತೊಡಗಿವೆ ಎಂದು ಅಂಕಣದಲ್ಲಿ ಬರೆದಿದ್ದ ಓದುಗರು ದಯವಿಟ್ಟು ಇದೊಂದನ್ನು ಪರೀಕ್ಷಿಸಿ ನೋಡಬೇಕು.

ಇಷ್ಟೆಲ್ಲ ಸರಿಪಡಿಸಿಕೊಂಡು ನೋಡಿದರೆ ಎಲ್ಲ ಸಿನಿಮಾವೂ ಹಿಡಿಸುತ್ತದೆ ಎಂದು ಹೇಳುತ್ತಿಲ್ಲ. ‘ಲಾರೆನ್ಸ್ ಆಫ್ ಅರೇಬಿಯಾ’ದ ಮೇಲೆ ನನಗಿರುವ ಆಕ್ಷೇಪ ಸರಿಯಾಗಿ ನೋಡಿದ ಮೇಲೆ ಇನ್ನೂ ಗಟ್ಟಿಯಾಗಿದೆ. ಅಷ್ಟು ಉದ್ದದ ಚಿತ್ರದಲ್ಲಿ ಒಬ್ಬ ಹೆಂಗಸಿಗೂ ಮಾತಿಲ್ಲ. ಅರಬ್ ರಾಜಕುಮಾರ ಫೈಸಲ್ ಆಗಿ ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಬಣ್ಣ ಬಳಿದುಕೊಂಡು ನಿಲ್ಲುತ್ತಾರೆ. ಅವರು ಸಮರ್ಥ ನಟರು, ಆದರೆ ಅವರ ಪಕ್ಕದಲ್ಲಿ ಈಜಿಪ್ಟಿನ ಒಮರ್ ಷರೀಫ್ ಇದ್ದಾಗ ಆ ಬಣ್ಣ ಎದ್ದು ಕಾಣುತ್ತದೆ. ಎರಡನೆಯ ಅರ್ಧದಲ್ಲಿ ಚಿತ್ರವು ತನ್ನ ನಾಯಕನ ಮನಸ್ಸನ್ನು ಬಿಡಿಸಲು ಹೋಗಿ ತಾನೇ ದಾರಿ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಮೊಬೈಲಿನಲ್ಲಿ ನೋಡಿದ್ದರೆ ‘ಬೋರು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಈಗ ಎಲ್ಲಿ, ಯಾಕೆ ಎಂದು ಹೇಳಬಲ್ಲೆ, ಒಪ್ಪದವರು ನನ್ನೊಡನೆ ವಾದವನ್ನೂ ಮಾಡಬಹುದು.

ಒಂದೇ ಸಿನಿಮಾವನ್ನು ಕಂತು ಕಂತಾಗಿ ನೋಡುವ ಬಗ್ಗೆಯೂ ಒಂದು ಮಾತು. ಸಿಡ್ನಿ ಲುಮೆಟ್ ಅವರ ‘ಟ್ವೆಲ್ವ್ ಆ್ಯಂಗ್ರಿ ಮೆನ್’ 1957ರದು, 96 ನಿಮಿಷದ್ದು, ಹೆಚ್ಚುಕಡಿಮೆ ಇಡೀ ಚಿತ್ರ ಒಂದೇ ಕೋಣೆಯಲ್ಲಿ ನಡೆಯುತ್ತದೆ. ನಾನು ಅದನ್ನು ನಾಲ್ಕು ರಾತ್ರಿಗಳಿಗೆ ಹಂಚಿಕೊಂಡು ನೋಡಿದ್ದೆ. ಕೊಲೆಯ ಆರೋಪ ಹೊತ್ತ ಹುಡುಗನೊಬ್ಬ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಬೇಕಾದ ಜ್ಯೂರಿಯ ಹನ್ನೆರಡು ಮಂದಿಯಲ್ಲಿ ಯಾರು ಯಾವಾಗ ಪಕ್ಷ ಬದಲಿಸಿದರು ಎಂಬುದೇ ಮರೆತುಹೋಗಿ, ಒಳ್ಳೆಯ ನಾಟಕ, ಸಿನಿಮಾ ಅಲ್ಲ ಎಂದು ತೀರ್ಮಾನಿಸಿದ್ದೆ. ಒಂದೇ ಕೂತಿನಲ್ಲಿ ನೋಡಿದಾಗ, ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ನನಗೇ ಉಸಿರುಗಟ್ಟಿದಂತಾಗಿ ಕಿಟಕಿ ತೆರೆಯಬೇಕೆನಿಸಿತು. ಯಾಕೆಂದು ಆಮೇಲೆ ತಿಳಿಯಿತು. ಆರಂಭದಲ್ಲಿ ಕ್ಯಾಮೆರಾ ಅವರ ಕಣ್ಣಿಗಿಂತ ಮೇಲಿರುತ್ತದೆ, ನಡುವಿನಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಯ ಭಾಗದಲ್ಲಿ ಇನ್ನೂ ಕೆಳಗಿನಿಂದ ನೋಡುತ್ತದೆ. ಲೆನ್ಸ್ ಕೂಡ ಹೋಗಹೋಗುತ್ತ ಹಿಂದಿನ ಗೋಡೆಯನ್ನು ಹತ್ತಿರಕ್ಕೆ ಎಳೆಯುವಂಥದ್ದಾಗುತ್ತದೆ. ಗೋಡೆ ಸರಿದು ಬರುತ್ತದೆ, ಚಾವಣಿ ತಲೆಯ ಮೇಲೆ ಇಳಿಯುತ್ತದೆ. ಇದನ್ನು ಬೇಕೆಂದೇ ಮಾಡಿದ್ದಾಗಿ ನಿರ್ದೇಶಕರೇ ಮುಂದೆ ವಿವರಿಸಿದ್ದಾರೆ. ನಾಲ್ಕು ರಾತ್ರಿಗೆ ಕತ್ತರಿಸಿದರೆ ಆ ಕೋಣೆ ಪ್ರತಿ ರಾತ್ರಿಯೂ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಅದರ ಬಗ್ಗೆಯೂ ಒಂದು ಬೇಸರ ಉಳಿದಿದೆ: ಯಾವ ಹುಡುಗನ ಪ್ರಾಣಕ್ಕಾಗಿ ಇಷ್ಟೆಲ್ಲ ವಾದ ನಡೆಯುತ್ತದೋ ಅವನ ಮುಖವನ್ನು ಆರಂಭದಲ್ಲಿ ಒಮ್ಮೆ ತೋರಿಸಿ ಬಿಟ್ಟುಬಿಡುತ್ತಾರೆ. ಆ ಮುಖ ಮಾತ್ರ ನನ್ನನ್ನು ಬಿಡಲಿಲ್ಲ.

ಡಬ್ಬಿಂಗ್ ಮತ್ತು ಸಬ್‌ಟೈಟಲ್ ಬಗ್ಗೆ ಅಂಕಣದಲ್ಲಿ ನಡೆದ ಚರ್ಚೆಯಲ್ಲಿ ಎರಡೂ ಕಡೆಯವರು ಸ್ವಲ್ಪ ಹಟ ಹಿಡಿದರು. ಕಣ್ಣು ಮಂಜಾದವರಿಗೆ, ವೇಗವಾಗಿ ಓದಲಾಗದವರಿಗೆ, ಚಿಕ್ಕ ಮಕ್ಕಳಿಗೆ ಡಬ್ ಆದ ಧ್ವನಿ ಬೇಕೇ ಬೇಕು, ಅದನ್ನು ಕೀಳಾಗಿ ಕಾಣುವುದು ತಪ್ಪು. ಆದರೆ ಅಭಿನಯದ ಬಗ್ಗೆ ತೀರ್ಪು ಕೊಡುವ ಮೊದಲು ಮೂಲ ಧ್ವನಿಯನ್ನು ಒಮ್ಮೆ ಕೇಳಬೇಕು. ಬಾಂಗ್ ಜೂನ್ ಹೋ ಅವರ 2019ರ ಕೊರಿಯನ್ ಚಿತ್ರ ‘ಪ್ಯಾರಾಸೈಟ್’ ಅನ್ನು ನಾನು ಮೊದಲು ಡಬ್ಬಿಂಗ್‌ನಲ್ಲಿ ನೋಡಿದಾಗ ಬಡ ಕುಟುಂಬದ ನಾಲ್ವರೂ ಎಲ್ಲೆಡೆ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಮೂಲದಲ್ಲಿ ಕೇಳಿದಾಗ, ಕೊರಿಯನ್ ಒಂದಕ್ಷರ ಬಾರದ ನನಗೂ, ತಮ್ಮ ನೆಲಮಾಳಿಗೆ ಮನೆಯಲ್ಲಿ ಅವರ ಸ್ವರ ಹೇಗೆ ಸಡಿಲವಾಗಿರುತ್ತದೆ, ಧಣಿಗಳ ಮುಂದೆ ಹೇಗೆ ಹದವಾಗಿ ಮಡಿಚಿಕೊಳ್ಳುತ್ತದೆ ಎಂಬುದು ತಿಳಿಯಿತು. ಬಹುವಚನ, ಏಕವಚನಗಳ ನಡುವೆ ಬದುಕುವ ನಾವು ಇಂಥದ್ದನ್ನು ಬೇಗ ಹಿಡಿಯುತ್ತೇವೆ. ಮಳೆಯ ರಾತ್ರಿ ಧಣಿಗಳ ಮನೆಯಿಂದ ತಪ್ಪಿಸಿಕೊಂಡು ಅವರು ಮೆಟ್ಟಿಲ ಮೇಲೆ ಮೆಟ್ಟಿಲು ಇಳಿಯುತ್ತ ಹೋಗುವ, ನೀರೂ ಅವರೊಡನೆ ಕೆಳಕ್ಕೆ ಹರಿಯುತ್ತ ಹೋಗುವ ದೃಶ್ಯಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ.

ಕೊನೆಯಲ್ಲಿ ಒಂದು ದೂರು. ಗಿರೀಶ ಕಾಸರವಳ್ಳಿಯವರ 1977ರ ಮೊದಲ ಚಿತ್ರ ‘ಘಟಶ್ರಾದ್ಧ’ವನ್ನು ಮೊನ್ನೆ ಮನೆಯವರೆಲ್ಲ ಕೂತು ನೋಡಿದೆವು. ತಲೆ ಬೋಳಿಸಿಕೊಂಡು ಮರದಡಿ ಒಬ್ಬಳೇ ಕೂತ ಯಮುನಕ್ಕ, ಅವಳನ್ನು ಅಲ್ಲೇ ಬಿಟ್ಟು ತಂದೆಯೊಂದಿಗೆ ಊರಿಗೆ ಹೊರಟ ಹುಡುಗ ನಾಣಿ. ಅಲ್ಲಿಗೆ ಚಿತ್ರ ಮುಗಿಯುತ್ತದೆ ಎಂದು ಯಂತ್ರಕ್ಕೆ ಗೊತ್ತು, ನಮಗೆ ಮುಗಿದಿರುವುದಿಲ್ಲ. ಆ ಚಿತ್ರ ಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಯಿತು, ಅಂಕಿಗಳು ಹಿಂದಕ್ಕೆ ಎಣಿಸತೊಡಗಿದವು, ರಿಮೋಟು ಹುಡುಕುವಷ್ಟರಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಚಿತ್ರದ ಅಬ್ಬರದ ತುಣುಕು ಮನೆ ತುಂಬಿತು. ಅತ್ತೆಯವರು ಬೆಚ್ಚಿಬಿದ್ದರು. ಅರ್ಧ ನಿಮಿಷದ ಮೌನವನ್ನು ಕೂಡ ಕೊಡಲಾಗದಷ್ಟು ಅವಸರ ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸುವ ಈ ಸಂಸ್ಥೆಗಳಿಗೆ ಯಾಕೆ? ತಾನಾಗಿ ಮುಂದಿನದನ್ನು ಹಾಕುವ ಆಯ್ಕೆಯನ್ನು ಹಲವು ಕಡೆ ಖಾತೆಯ ಸೆಟ್ಟಿಂಗಿನಲ್ಲಿ ತೆಗೆದುಹಾಕಬಹುದು, ನಾವೀಗ ತೆಗೆದಿದ್ದೇವೆ. ಆದರೆ ಅದು ಮೊದಲಿನಿಂದಲೇ ಆಫ್ ಇರಬೇಕಾದದ್ದು, ಬೇಕಾದವರು ಆನ್ ಮಾಡಿಕೊಳ್ಳಬೇಕಾದದ್ದು.

ಹೀಗೆಲ್ಲ ನಿಯಮ ಹಾಕಿಕೊಂಡು ನೋಡಲು ಎಷ್ಟು ಜನರಿಗೆ ಬಿಡುವಿದೆ ಎಂದು ಕೇಳಬಹುದು. ನಿಜ. ಅದರಲ್ಲೂ ಮನೆಯಲ್ಲಿ ಸಿನಿಮಾ ನಡೆಯುವಾಗ ಗಂಡಸರು ಕೂತು ನೋಡುತ್ತಾರೆ, ಹೆಂಗಸರು ಎದ್ದೆದ್ದು ಹೋಗಿ ಬಂದು ನೋಡುತ್ತಾರೆ. ನನ್ನ ಎಷ್ಟೋ ಅಭಿಪ್ರಾಯಗಳು ಎದ್ದು ಹೋದಾಗ ತಪ್ಪಿದ ದೃಶ್ಯಗಳ ಮೇಲೆಯೇ ನಿಂತಿದ್ದವು. ಈಗ ನಮ್ಮ ಮನೆಯವರು ಮತ್ತು ಮಗ, ನಾನು ಎದ್ದರೆ ಸಿನಿಮಾ ನಿಲ್ಲಿಸುತ್ತಾರೆ, ಹೆಚ್ಚಿನ ಸಲ ನನ್ನ ಬದಲಿಗೆ ತಾವೇ ಏಳುತ್ತಾರೆ. ದಣಿದ ದಿನ ಸುಮ್ಮನೆ ಏನನ್ನೋ ಹಾಕಿಕೊಂಡು ಅರ್ಧ ನಿದ್ದೆಯಲ್ಲಿ ನೋಡುವುದರಲ್ಲೂ ಒಂದು ಸುಖವಿದೆ, ಅದನ್ನು ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಹಾಗೆ ನೋಡಿದ್ದರ ಬಗ್ಗೆ ಅಚ್ಚಿನಲ್ಲಿ ತೀರ್ಪು ಕೊಡುವಾಗ ಮಾತ್ರ, ಹೇಗೆ ನೋಡಿದೆವು ಎಂಬುದನ್ನೂ ಹೇಳಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಆದ್ದರಿಂದ, ಅಂಕಣಕ್ಕೆ ಬರೆಯುವವರೆಲ್ಲ ತಮ್ಮ ಟಿಪ್ಪಣಿಯ ಕೆಳಗೆ ಒಂದು ಸಾಲು ಸೇರಿಸುವಂತೆ ತಾವು ಸೂಚಿಸಬೇಕೆಂದು ಕೋರುತ್ತೇನೆ: ಯಾವ ಪರದೆಯಲ್ಲಿ ನೋಡಿದ್ದು, ಒಂದೇ ಕೂತಿನಲ್ಲೋ ಕಂತಿನಲ್ಲೋ, ಮೂಲ ಧ್ವನಿಯೋ ಡಬ್ಬಿಂಗೋ. ‘ನಿಧಾನ’ ಎಂಬ ಮಾತನ್ನು ಓದಿದಾಗ ಅದು ಯಾವ ವೇಗದಲ್ಲಿ ನೋಡಿದವರ ಮಾತು ಎಂದು ಓದುಗರಿಗೆ ತಿಳಿಯುವುದು ಒಳ್ಳೆಯದು. ಜಾಗವಿದ್ದರೆ, ನನ್ನ ಹಿಂದಿನ ಟಿಪ್ಪಣಿಯ ಬದಲಿಗೆ ಕೆಳಗಿನದನ್ನು ಪ್ರಕಟಿಸಿ ಉಪಕರಿಸಬೇಕು.

‘ಪಥೇರ್ ಪಾಂಚಾಲಿ’ (1955): ಮಗಳನ್ನು ಕಳೆದುಕೊಂಡ ತಾಯಿಯ ಅಳು ಈ ಚಿತ್ರದಲ್ಲಿ ಕೇಳಿಸುವುದಿಲ್ಲ. ಕೇಳಿಸುವುದು ತಾರ್ ಶಹನಾಯಿ, ಧ್ವನಿ ಇಳಿಸಬೇಡಿ. ‘ಟೋಕಿಯೊ ಸ್ಟೋರಿ’ (1953): ತಂದೆತಾಯಿ ಮಕ್ಕಳನ್ನು ನೋಡಲು ಬಂದು ಹಿಂದಿರುಗುತ್ತಾರೆ. ಹಿರಿಮಗಳು ಕೆಟ್ಟವಳಲ್ಲ, ಕೈತುಂಬ ಕೆಲಸವಿರುವವಳು. ಮನೆಯ ಟಿ.ವಿ.ಯಲ್ಲಿ, ಒಂದೇ ಕೂತಿನಲ್ಲಿ, ಮೂಲ ಧ್ವನಿಯಲ್ಲಿ, ಅತ್ತೆಯವರೊಂದಿಗೆ ನೋಡಿದ್ದು.

ಇಂತಿ ತಮ್ಮ ವಿಶ್ವಾಸಿ,
ಅಂಕಣದ ಓದುಗರಲ್ಲೊಬ್ಬಳು